ಬುದ್ಧಿವರ್ಧನೆಯಲ್ಲಿ ಪಕ್ಕದ ಮನೆಯವರ ಪಾತ್ರ: ಒಂದು ಅಪ್ರಸ್ತುತ ಮೀಮಾಂಸೆ

ಬುದ್ಧಿಯನ್ನು ಚುರುಕುಗೊಳಿಸುವ ದಿನಚರಿಯ ಬಗ್ಗೆ ನಮ್ಮಲ್ಲಿ ಶಾಸ್ತ್ರಕ್ಕೆ ಬರವಿಲ್ಲ. ರಾತ್ರಿ ನೆನೆಹಾಕಿದ ಬಾದಾಮಿಯನ್ನು ಬೆಳಿಗ್ಗೆ ಸಿಪ್ಪೆ ಸುಲಿದು ತಿನ್ನಬೇಕೆನ್ನುವುದು ಒಂದು ಪಂಥ. ಒಂದೆಲಗದ ತಂಬುಳಿಯೊಂದೇ ಸಾಕೆನ್ನುವುದು ಕರಾವಳಿ, ಮಲೆನಾಡುಗಳ ಪಂಥ. ಅಕ್ರೋಟು ನೋಡಲು ಮಿದುಳಿನ ಹಾಗಿರುವುದರಿಂದ ಮಿದುಳಿಗೆ ಹಿತವೆಂದು ಸಾಧಿಸುವವರಿದ್ದಾರೆ. ಇದೇ ನ್ಯಾಯದಂತೆ ಹಲಸಿನ ಹಣ್ಣು ಯಾವ ಅಂಗಕ್ಕೆ ಹಿತವೆಂಬ ಪ್ರಶ್ನೆಯನ್ನು ಅವರು ಮುಂದಿನ ಪೀಳಿಗೆಗೆ ಬಿಟ್ಟಿದ್ದಾರೆ. ಹಿಂದೆ ಮಗ್ಗಿ ತಪ್ಪಿದವನಿಗೆ ಮೇಷ್ಟ್ರು ಕೊಡುತ್ತಿದ್ದ ಕಿವಿ ಹಿಡಿದ ಬಸ್ಕಿ ಈಗ ‘ಸೂಪರ್ ಬ್ರೈನ್ ಯೋಗ’ವೆಂಬ ಹೆಸರಿನಲ್ಲಿ ಬುದ್ಧಿವಂತರಿಗೂ ದೊರೆಯುತ್ತಿದೆ. ಪಶ್ಚಿಮದವರೇನೂ ಹಿಂದೆ ಬಿದ್ದಿಲ್ಲ. 1993ರಲ್ಲಿ ಅಮೆರಿಕದ ಸಂಶೋಧಕರು 36 ಮಂದಿ ಕಾಲೇಜು ವಿದ್ಯಾರ್ಥಿಗಳಿಗೆ ಮೊಜಾರ್ಟ್‌ನ ಸಂಗೀತ ಕೇಳಿಸಿ, ಆಕೃತಿಗಳನ್ನು ಊಹಿಸುವ ಒಂದು ಬಗೆಯ ತರ್ಕದಲ್ಲಿ ಅವರು ಹತ್ತು ಹದಿನೈದು ನಿಮಿಷದ ಮಟ್ಟಿಗೆ ಚುರುಕಾದರೆಂದು ಬರೆದರು. ಐದು ವರ್ಷ ಕಳೆಯುವುದರೊಳಗೆ ಜಾರ್ಜಿಯಾ ರಾಜ್ಯದ ಗವರ್ನರ್ ಹುಟ್ಟಿದ ಪ್ರತಿ ಕೂಸಿಗೂ ಶಾಸ್ತ್ರೀಯ ಸಂಗೀತ ಹಂಚಲು 1,05,000 ಡಾಲರ್ ಕೇಳಿದರು. ಇನ್ನು ಬ್ರಾಹ್ಮೀ ಮುಹೂರ್ತದ ಪಕ್ಷ. ಅದರ ವಿರುದ್ಧ ಡೆಕಾರ್ಟ್‌ನ ಉದಾಹರಣೆ ಒಂದೇ ಸಾಕು. ಹೊತ್ತೇರುವ ತನಕ ಹಾಸಿಗೆಯಲ್ಲೇ ಮಲಗಿ ಯೋಚಿಸುತ್ತಿದ್ದ ಆ ತತ್ತ್ವಜ್ಞಾನಿ ಸ್ವೀಡನ್ನಿನ ರಾಣಿ ಕ್ರಿಸ್ಟೀನಾಗೆ ಬೆಳಗಿನ ಐದಕ್ಕೆ ಪಾಠ ಹೇಳಲು ಒಪ್ಪಿಕೊಂಡ. 1650ರ ಫೆಬ್ರುವರಿಯಲ್ಲಿ ತೀರಿಕೊಂಡ. ನ್ಯುಮೋನಿಯಾ ಎಂದರು ವೈದ್ಯರು. ಅಲಾರಂ ಇಟ್ಟುಕೊಂಡು ಏಳುವವರಿಗೆ ನಿಜವಾದ ಕಾರಣ ಗೊತ್ತಿದೆ.

ಈ ಪಂಥಗಳೆಲ್ಲ ಒಂದರ ಮೇಲೊಂದು ಹರಿಹಾಯುತ್ತಿದ್ದರೂ ಒಂದು ವಿಷಯದಲ್ಲಿ ಎಲ್ಲವೂ ಒಂದೇ. ಬುದ್ಧಿ ಬೆಳೆಯಲು ಏಕಾಗ್ರತೆ ಬೇಕು, ಏಕಾಗ್ರತೆಗೆ ಏಕಾಂತ ಬೇಕು, ಏಕಾಂತಕ್ಕೆ ಬಾಗಿಲ ಚಿಲಕ ಬೇಕು ಎಂಬುದನ್ನು ಯಾರೂ ಪ್ರಶ್ನಿಸಿಲ್ಲ. ಪ್ರಸ್ತುತ ಪ್ರಬಂಧ ಅದನ್ನು ಬುಡಮೇಲು ಮಾಡಲು ಹೊರಟಿದೆ. ಮನುಷ್ಯನ ಬುದ್ಧಿಗೆ ಸಾಣೆ ಹಿಡಿಯುವುದು ಏಕಾಂತವಲ್ಲ, ಅಡ್ಡಿ. ಅದರಲ್ಲೂ ಸಂಬಂಧವೇ ಇಲ್ಲದ, ಉದ್ದೇಶವೇ ಇಲ್ಲದ ಅಡ್ಡಿ. ನೈಯಾಯಿಕರ ಐದು ಅವಯವಗಳಲ್ಲಿ ಇದನ್ನು ಹೀಗೆ ಮಂಡಿಸಬಹುದು. ಪಕ್ಕದ ಮನೆಯಾತ ಬುದ್ಧಿವರ್ಧಕ, ಇದು ಪ್ರತಿಜ್ಞೆ. ಏಕೆಂದರೆ ಆತ ಅಪ್ರಸ್ತುತ, ಇದು ಹೇತು. ಎಲ್ಲೆಲ್ಲಿ ಅಪ್ರಸ್ತುತವೋ ಅಲ್ಲಲ್ಲಿ ಬುದ್ಧಿವರ್ಧನೆ, ಅವಧಾನದ ವೇದಿಕೆಯ ಹಾಗೆ, ಇದು ಉದಾಹರಣೆ. ಆದಾಯ ತೆರಿಗೆಯ ಲೆಕ್ಕ ಹಾಕುತ್ತಿರುವವನ ಎದುರು ಕುರ್ಚಿ ಎಳೆದುಕೊಂಡು ಕೂತು ನುಗ್ಗೆಕಾಯಿಯ ದರ ವಿಚಾರಿಸುವ ಈತನೂ ಅಂಥವನೇ, ಇದು ಉಪನಯ. ಆದ್ದರಿಂದ ಆತ ಬುದ್ಧಿವರ್ಧಕನೇ ಸರಿ, ಇದು ನಿಗಮನ. ಹೊಗೆಯಿಂದ ಬೆಂಕಿಯನ್ನು ಊಹಿಸಿದ ಪೂರ್ವಾಚಾರ್ಯರು ಇದಕ್ಕಿಂತ ಗಟ್ಟಿಯಾದ ಅನುಮಾನವನ್ನು ಬಿಟ್ಟುಹೋಗಿಲ್ಲ.

ಉದಾಹರಣೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ಇಡೀ ಸಿದ್ಧಾಂತ ನಿಂತಿರುವುದು ಅದರ ಮೇಲೆ. ಅಷ್ಟಾವಧಾನದಲ್ಲಿ ಅವಧಾನಿಯನ್ನು ಎಂಟು ಜನ ಪೃಚ್ಛಕರು ಸುತ್ತುವರಿದು ಕೂರುತ್ತಾರೆ. ಒಬ್ಬರು ಅರ್ಥವೇ ಕೂಡದ ಒಂದು ಸಾಲು ಕೊಟ್ಟು, ಅರ್ಥ ಕೂಡುವ ಹಾಗೆ ಪದ್ಯ ತುಂಬಿಸೆನ್ನುತ್ತಾರೆ, ಅದು ಸಮಸ್ಯಾಪೂರಣ. ಇನ್ನೊಬ್ಬರು ಎಲ್ಲಿಂದಲೋ ನಾಲ್ಕು ಪದ ಹೆಕ್ಕಿ ತಂದು, ಇವಿಷ್ಟೂ ಪದ್ಯದೊಳಗೆ ಬರಬೇಕೆನ್ನುತ್ತಾರೆ, ಅದು ದತ್ತಪದಿ. ಮತ್ತೊಬ್ಬರು ಅವಧಾನಿ ಒಂದೊಂದು ಅಕ್ಷರ ಹೇಳಿದಾಗಲೂ ಮುಂದಿನ ಅಕ್ಷರ ಇದಾಗಕೂಡದೆಂದು ತಡೆ ಒಡ್ಡುತ್ತಾರೆ, ಅದು ನಿಷೇಧಾಕ್ಷರಿ. ಸಂಖ್ಯಾಬಂಧದವರು 25 ಮನೆಗಳ ಚೌಕದಲ್ಲಿ ಯಾವುದೋ ಮನೆಯ ಅಂಕಿಯನ್ನು ನಡುನಡುವೆ ಕೇಳುತ್ತಾರೆ, ಕೊನೆಗೆ ಯಾವ ಸಾಲನ್ನು ಕೂಡಿದರೂ ಮೊತ್ತ ಒಂದೇ ಆಗಬೇಕು. ಕೈಯಲ್ಲಿ ಕಾಗದವಿಲ್ಲ, ಲೇಖನಿಯಿಲ್ಲ. ಒಂದೊಂದು ಸುತ್ತಿನಲ್ಲಿ ಒಂದೊಂದೇ ಪಾದ ಹೇಳಿ, ಕಡೆಗೆ ಧಾರಣೆಯಲ್ಲಿ ಎಲ್ಲ ಪದ್ಯಗಳನ್ನೂ ಇಡಿಯಾಗಿ ಒಪ್ಪಿಸಬೇಕು. ಇಷ್ಟು ಸಾಲದೆಂದು ಹಿರಿಯರು ಆ ಎಂಟರಲ್ಲಿ ಒಂದು ಕುರ್ಚಿಯನ್ನು ಬೇರೆಯೇ ಕೆಲಸಕ್ಕೆ ಮೀಸಲಿಟ್ಟರು. ಅದರಲ್ಲಿ ಕೂತವರ ಏಕೈಕ ಕೆಲಸ ನಡುವೆ ಬಾಯಿ ಹಾಕುವುದು. ‘ಅವಧಾನಿಗಳೇ, ನಿಮ್ಮ ಮನೆಯಲ್ಲಿ ಇವತ್ತು ಸಾರೋ ಹುಳಿಯೋ?’ ಎಂಬ ಧಾಟಿಯಲ್ಲಿ ಅವರು ಯಾವಾಗ ಬೇಕಾದರೂ ಕೇಳಬಹುದು, ಅವಧಾನಿ ಆ ಕ್ಷಣವೇ ಸಭೆ ನಗುವಂತೆ ಉತ್ತರಿಸಿ, ಬಿಟ್ಟ ಪಾದಕ್ಕೆ ಮರಳಬೇಕು. ಈ ಅಪ್ರಸ್ತುತ ಪ್ರಸಂಗಿ ಆಹ್ವಾನವಿಲ್ಲದೆ ಒಳನುಗ್ಗಿದವನಲ್ಲ. ಆಮಂತ್ರಣ ಪತ್ರಿಕೆಯಲ್ಲಿ ಹೆಸರು ಅಚ್ಚಾಗಿ, ಶಾಲು ಹೊದಿಸಿಕೊಂಡು ಬಂದವನು. ಶತಾವಧಾನಿ ಆರ್. ಗಣೇಶರು ಸಾವಿರಕ್ಕೂ ಹೆಚ್ಚು ಅಷ್ಟಾವಧಾನಗಳನ್ನು ನಡೆಸಿದ್ದಾರೆ, 2012ರಲ್ಲಿ ಬೆಂಗಳೂರಿನಲ್ಲಿ ಸಂಪೂರ್ಣ ಕನ್ನಡದ ಶತಾವಧಾನವನ್ನೂ ಮಾಡಿದರು. ಅವರ ಧಾರಣಶಕ್ತಿಯನ್ನು ಹೊಗಳುವವರು ಊರ ತುಂಬ ಇದ್ದಾರೆ. ಆ ಸಾವಿರ ಕುರ್ಚಿಗಳಲ್ಲಿ ಕೂತು ಕೆಡಿಸಲು ಹೆಣಗಿದವರನ್ನು ಯಾರೂ ನೆನೆಯುವುದಿಲ್ಲ. ಶಾಸ್ತ್ರದೃಷ್ಟಿಯಿಂದ ಇದೊಂದು ದೊಡ್ಡ ಅನ್ಯಾಯ.

ಆಧುನಿಕ ಮನಃಶಾಸ್ತ್ರವೂ ನಮ್ಮ ಪಕ್ಷಕ್ಕೇ ಸಾಕ್ಷಿ ನುಡಿಯುತ್ತದೆ. ಬ್ಲೂಮಾ ಝೈಗಾರ್ನಿಕ್ ಎಂಬ ವಿದುಷಿ ಬರ್ಲಿನ್ನಿನಲ್ಲಿ ಕೆಲವರಿಗೆ ಸಣ್ಣ ಸಣ್ಣ ಕೆಲಸ ಕೊಟ್ಟು, ಅರ್ಧದಷ್ಟನ್ನು ಮುಗಿಸಲು ಬಿಟ್ಟು, ಉಳಿದರ್ಧವನ್ನು ಬೇಕೆಂತಲೇ ನಡುವೆ ನಿಲ್ಲಿಸಿದರು. ಮುಗಿಸಿದ ಕೆಲಸಗಳಿಗಿಂತ ನಿಂತುಹೋದ ಕೆಲಸಗಳು ಅವರ ನೆನಪಿನಲ್ಲಿ ಸುಮಾರು ಎರಡು ಪಟ್ಟು ಉಳಿದಿದ್ದವೆಂದು 1927ರಲ್ಲಿ ಪ್ರಕಟಿಸಿದರು. ಇದಕ್ಕೆ ಪ್ರೇರಣೆ ಹೋಟೆಲಿನ ಮಾಣಿಗಳು, ಬಿಲ್ಲು ಪಾವತಿಯಾಗುವ ತನಕ ಪ್ರತಿ ಟೇಬಲ್ಲಿನ ಆರ್ಡರನ್ನೂ ನೆನಪಿಟ್ಟುಕೊಂಡು ದುಡ್ಡು ಬಂದ ಮರುಕ್ಷಣ ಮರೆಯುತ್ತಿದ್ದರು, ಎಂಬ ಕತೆಯಿದೆ. ಇದಕ್ಕಾಗಿ ಬರ್ಲಿನ್ನಿಗೆ ಹೋಗಬೇಕಿರಲಿಲ್ಲ. ಆರು ಜನ ಕೂತ ಟೇಬಲ್ಲಿಗೆ ಎರಡು ಖಾಲಿ, ಒಂದು ಸೆಟ್, ಒಂದು ಸಾಂಬಾರ್ ಬೇರೆ ಬಟ್ಟಲಲ್ಲಿ, ಮೂರು ಬೈಟು ಕಾಫಿ ಎಂಬುದನ್ನೆಲ್ಲ ಚೀಟಿಯಿಲ್ಲದೆ ಒಯ್ದು, ದಾರಿಯಲ್ಲಿ ಇನ್ನೊಂದು ಟೇಬಲ್ಲಿನ ‘ಏ, ನೀರು’ ಎಂಬ ಕೂಗಿಗೆ ಓಗೊಟ್ಟು, ಅಡುಗೆಮನೆಯ ಕಿಂಡಿಯ ಬಳಿ ಒಂದೇ ಉಸಿರಿಗೆ ಒದರುವ ಉಡುಪಿ ಹೋಟೆಲಿನ ಮಾಣಿಯೂ ಒಂದರ್ಥದಲ್ಲಿ ಅಷ್ಟಾವಧಾನಿಯೇ. 1980ರ ದಶಕದಲ್ಲಿ ಬೆಂಗಳೂರಿಗೆ ದರ್ಶಿನಿಗಳು ಬಂದು ಟೋಕನ್ ಕೊಟ್ಟು ತಿಂಡಿ ಎತ್ತಿಕೊಳ್ಳುವ ಪದ್ಧತಿ ಶುರುವಾಯಿತು. ಅದರಿಂದ ನಗರದ ಸರಾಸರಿ ಧಾರಣಶಕ್ತಿಗೆ ಆದ ನಷ್ಟವನ್ನು ಅರ್ಥಶಾಸ್ತ್ರಜ್ಞರು ಅಂದಾಜು ಮಾಡಬೇಕು. ಝೈಗಾರ್ನಿಕ್‌ರ ಫಲಿತಾಂಶ ಆಮೇಲೆ ಪ್ರಯೋಗ ಮಾಡಿದ ಹಲವರಿಗೆ ಸಿಗಲಿಲ್ಲವೆಂಬ ಆಕ್ಷೇಪವಿದೆ, ನಿಜ. ಅವರೆಲ್ಲ ಬಾಗಿಲು ಮುಚ್ಚಿದ ಪ್ರಯೋಗಶಾಲೆಯಲ್ಲಿ ನಿಶ್ಚಿಂತೆಯಾಗಿ ಕೆಲಸ ಮಾಡಿದವರಿರಬೇಕು ಎಂಬುದಷ್ಟೇ ಇದಕ್ಕೆ ನಮ್ಮ ಸಮಾಧಾನ.

ಇನ್ನು ಪೂರ್ವಪಕ್ಷ. ಅಡ್ಡಿಯಿಂದ ಬುದ್ಧಿ ಬೆಳೆಯುವುದಾದರೆ ಆರ್ಕಿಮಿಡೀಸನ ಗತಿಯೇನು ಎಂದು ಕೇಳುವವರಿದ್ದಾರೆ. ಕ್ರಿ.ಪೂ. 212ರಲ್ಲಿ ಸಿರಾಕ್ಯೂಸ್ ಬಿದ್ದಾಗ ಆತ ರೇಖಾಗಣಿತದ ಆಕೃತಿಗಳಲ್ಲಿ ಮುಳುಗಿದ್ದನಂತೆ; ರೋಮನ್ ಸೈನಿಕನೊಬ್ಬ ಬಂದು ಅಡ್ಡಿ ಮಾಡಿದ, ಕತ್ತಿಯಿಂದ. ಆಕ್ಷೇಪ ಮೇಲ್ನೋಟಕ್ಕೆ ಪ್ರಾಣಾಂತಿಕ. ಆದರೆ ಇದು ಅತಿವ್ಯಾಪ್ತಿ ದೋಷದಿಂದ ಹುಟ್ಟಿದ್ದು. ನಾವು ಕೊಂಡಾಡುತ್ತಿರುವುದು ಅಪ್ರಸ್ತುತವಾದ ಅಡ್ಡಿಯನ್ನು. ಸೈನಿಕನಿಗೆ ಉದ್ದೇಶವಿತ್ತು, ಆಜ್ಞೆಯಿತ್ತು, ಯುದ್ಧವೂ ನಡೆಯುತ್ತಿತ್ತು. ಆ ಪ್ರಸಂಗದಲ್ಲಿ ಅವನಷ್ಟು ಪ್ರಸ್ತುತನಾದವನು ಬೇರೊಬ್ಬನಿಲ್ಲ. ಅವನೇ ಬಾಗಿಲಲ್ಲಿ ನಿಂತು ‘ಸ್ವಾಮೀ, ಈ ಊರಲ್ಲಿ ಒಳ್ಳೆ ಆಲಿವ್ ಎಣ್ಣೆ ಎಲ್ಲಿ ಸಿಗುತ್ತೆ?’ ಎಂದು ಕೇಳಿದ್ದರೆ ಗಣಿತಶಾಸ್ತ್ರ ಇನ್ನೂ ನಾಲ್ಕು ಹೆಜ್ಜೆ ಮುಂದಿರುತ್ತಿತ್ತು. ಇದೇ ನ್ಯಾಯವನ್ನು ಮೇಲಧಿಕಾರಿಗಳಿಗೂ ಅನ್ವಯಿಸಬೇಕು. ‘ಆ ಫೈಲು ಏನಾಯ್ತು?’ ಎಂದು ಗಂಟೆಗೊಮ್ಮೆ ಬರುವವರು ಸೈನಿಕನ ವರ್ಗಕ್ಕೆ ಸೇರಿದವರು. ಅವರಿಂದ ಬುದ್ಧಿ ಬೆಳೆಯುವುದಿಲ್ಲ, ರಕ್ತದೊತ್ತಡ ಬೆಳೆಯುತ್ತದೆ.

ಎರಡನೆಯ ಆಕ್ಷೇಪ ಸಾಹಿತ್ಯದ ಕಡೆಯದು. ಇಂಗ್ಲಿಷ್ ಕವಿ ಕೋಲರಿಜ್ ‘ಕುಬ್ಲಾ ಖಾನ್’ ಕವನವನ್ನು ಕನಸಿನಲ್ಲಿ ಇನ್ನೂರು ಮುನ್ನೂರು ಸಾಲಿನಷ್ಟು ಕಂಡು, ಎದ್ದು ಬರೆಯುತ್ತಿರುವಾಗ ಪೋರ್ಲಾಕ್ ಊರಿನಿಂದ ಯಾರೋ ಒಬ್ಬ ಕೆಲಸವಿದೆಯೆಂದು ಬಂದು ಒಂದು ಗಂಟೆಗೂ ಮಿಕ್ಕಿ ಕೂತನಂತೆ. ಅವನು ಹೋದಮೇಲೆ ಕವಿಗೆ ಉಳಿದದ್ದು ನೆನಪಾಗಲಿಲ್ಲ, ಕವನ ಐವತ್ತು ಚಿಲ್ಲರೆ ಸಾಲಿಗೆ ನಿಂತಿತು. ವಿಮರ್ಶಕರು ಇನ್ನೂರು ವರ್ಷಗಳಿಂದ ಆ ಪೋರ್ಲಾಕಿನವನನ್ನು ಬೈಯುತ್ತಿದ್ದಾರೆ. ಪಠ್ಯಪುಸ್ತಕದಲ್ಲಿ ಮುನ್ನೂರು ಸಾಲು ಓದಬೇಕಾಗಿದ್ದ ತಲೆಮಾರುಗಳ ವಿದ್ಯಾರ್ಥಿಗಳನ್ನು ಕೇಳಿದರೆ ತೀರ್ಪು ಬೇರೆಯೇ ಬಂದೀತು. ಮೂರನೆಯ ಆಕ್ಷೇಪ ಯೋಗಶಾಸ್ತ್ರದ್ದು, ಮಿಕ್ಕವುಗಳಿಗಿಂತ ಗಂಭೀರವಾದದ್ದು: ಚಿತ್ತದ ಅಲೆದಾಟವನ್ನು ತಡೆಯುವುದೇ ಯೋಗವೆಂದು ಪತಂಜಲಿಯಂಥವನೇ ಹೇಳಿರುವಾಗ ಅಲೆದಾಡಿಸುವವನನ್ನು ಗುರುವೆನ್ನುವುದು ಹೇಗೆ? ಉತ್ತರ ಆ ಗ್ರಂಥದಲ್ಲೇ ಇದೆ. ಯೋಗಕ್ಕೆ ಅಂತರಾಯಗಳೆಷ್ಟೆಂದು ಪತಂಜಲಿ ಎಣಿಸಿಟ್ಟಿದ್ದಾನೆ, ಒಟ್ಟು ಒಂಬತ್ತು. ವ್ಯಾಧಿ, ಸಂಶಯ, ಆಲಸ್ಯ, ಪ್ರಮಾದ, ಭ್ರಾಂತಿ ಇತ್ಯಾದಿಯೆಲ್ಲ ಅಲ್ಲಿವೆ, ಪಕ್ಕದ ಮನೆಯವರಿಲ್ಲ. ಒಂದಕ್ಷರ ಉಳಿಸಲು ಹೆಣಗುವ ಸೂತ್ರಕಾರ ಮರೆತು ಬಿಟ್ಟನೆನ್ನುವುದು ಮಹರ್ಷಿಗೆ ಅಪಚಾರ. ಪಕ್ಕದ ಮನೆಯವರು ಅಂತರಾಯವಲ್ಲವೆಂದು ತಿಳಿದೇ ಬಿಟ್ಟಿದ್ದಾನೆ.

ನಾಲ್ಕನೆಯ ಆಕ್ಷೇಪ ಇಂದಿನವರದು, ಇದನ್ನು ಎದುರಿಸದೆ ಸಿದ್ಧಾಂತ ನಿಲ್ಲದು. ಅಡ್ಡಿಯೇ ಬುದ್ಧಿವರ್ಧಕವಾದರೆ ಮೊಬೈಲು ನಿಮಿಷಕ್ಕೊಮ್ಮೆ ಕಿಣಿಗುಡುವ ಈ ಕಾಲದಲ್ಲಿ ನಾವೆಲ್ಲ ಬೃಹಸ್ಪತಿಗಳಾಗಿರಬೇಕಿತ್ತಲ್ಲ? ಆಗಿಲ್ಲವೆಂಬುದು ಪ್ರತ್ಯಕ್ಷ ಪ್ರಮಾಣದಿಂದಲೇ ಸಿದ್ಧ. ಕಾರಣ ಎರಡು. ಮೊಬೈಲಿನಲ್ಲಿ ಬರುವುದು ಯಾವುದೂ ಅಪ್ರಸ್ತುತವಲ್ಲ. ಒಮ್ಮೆ ಚಪ್ಪಲಿಯ ಬೆಲೆ ನೋಡಿದವನಿಗೆ ಅದು ತಿಂಗಳಿಡೀ ಚಪ್ಪಲಿಯನ್ನೇ ತೋರಿಸುತ್ತದೆ. ಒಂದು ಪಕ್ಷದ ಭಾಷಣ ಕೇಳಿದವನಿಗೆ ಅದೇ ಪಕ್ಷದ ಇನ್ನಷ್ಟು ಭಾಷಣಗಳನ್ನು ಉಣಬಡಿಸುತ್ತದೆ. ನಮ್ಮ ರುಚಿಯನ್ನು ಲೆಕ್ಕ ಹಾಕಿ ಕಳಿಸಿದ್ದು ಅಡ್ಡಿಯ ವೇಷದ ಓಲೈಕೆ. ಪಕ್ಕದ ಮನೆಯಾತನಿಗೆ ನಮ್ಮ ರುಚಿಯ ಪರಿವೆಯೇ ಇಲ್ಲ. ಷೇರು ಪೇಟೆ ಕುಸಿದ ದಿನ ಬಂದು ತನ್ನ ಷಡ್ಡಕನ ಮಂಡಿನೋವಿನ ವಿಚಾರ ತೆಗೆಯುವ ಶುದ್ಧ ಅಪ್ರಸ್ತುತತೆ ಯಾವ ಯಂತ್ರಕ್ಕೂ ಸಾಧ್ಯವಿಲ್ಲ. ಎರಡನೆಯ ಕಾರಣ ಇನ್ನೂ ಮುಖ್ಯ. ಅವಧಾನಿ ಅಪ್ರಸ್ತುತ ಪ್ರಸಂಗಿಗೆ ಉತ್ತರ ಕೊಡಲೇಬೇಕು, ಕೊಟ್ಟು ಬಿಟ್ಟ ಪಾದಕ್ಕೆ ಮರಳಲೇಬೇಕು. ಬುದ್ಧಿ ಮಸೆಯುವುದು ಆ ಹೋಗಿ ಬರುವ ಹಾದಿಯಲ್ಲಿ. ಮೊಬೈಲು ಉತ್ತರ ಕೇಳುವುದಿಲ್ಲ, ಮರಳಲೂ ಬಿಡುವುದಿಲ್ಲ. ಒಳಗೆ ಹೋದವನು ಹೊರಗೆ ಬರುವ ಹೊತ್ತಿಗೆ ಯಾವ ಪಾದ ಬಿಟ್ಟಿದ್ದೆನೆಂಬುದಿರಲಿ, ಪದ್ಯ ಕಟ್ಟುತ್ತಿದ್ದೆನೆಂಬುದೇ ಮರೆತಿರುತ್ತದೆ. ಬುದ್ಧಿ ಹೆಚ್ಚಿಸುವ ಆ್ಯಪುಗಳ ಕತೆಯೂ ಇದೇ. ಅವುಗಳಲ್ಲೊಂದಾದ ಲುಮೋಸಿಟಿ ಆಧಾರವಿಲ್ಲದ ಜಾಹೀರಾತು ಕೊಟ್ಟ ಆರೋಪಕ್ಕೆ 2016ರಲ್ಲಿ ಅಮೆರಿಕದ ವ್ಯಾಪಾರ ಆಯೋಗಕ್ಕೆ 20 ಲಕ್ಷ ಡಾಲರ್ ತೆತ್ತು ರಾಜಿಯಾಯಿತು. ಪಕ್ಕದ ಮನೆಯವರು ಇಂಥ ಯಾವ ಭರವಸೆಯನ್ನೂ ಕೊಟ್ಟವರಲ್ಲ, ಶುಲ್ಕವೆಂದು ಅವರು ತೆಗೆದುಕೊಳ್ಳುವುದು ಅರ್ಧ ಲೋಟ ಕಾಫಿ.

ದುರಂತವೆಂದರೆ ನಾವು ಈ ಸಂಪತ್ತನ್ನು ಕೈಯಾರೆ ಕಳೆದುಕೊಳ್ಳುತ್ತಿದ್ದೇವೆ. ಜಗಲಿಯಿದ್ದ ಕಾಲದಲ್ಲಿ ಅಪ್ರಸ್ತುತ ಪ್ರಸಂಗಿಗೆ ಖಾಯಂ ಆಸನವಿತ್ತು. ಈಗ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯೂರಿಟಿಯವನು ಬಂದವರ ಉದ್ದೇಶ ಕೇಳಿ ಬರೆದುಕೊಳ್ಳುತ್ತಾನೆ. ಉದ್ದೇಶವಿಲ್ಲದೆ ಬರುವುದೇ ಯಾರ ವೈಶಿಷ್ಟ್ಯವೋ ಅವರು ಅಲ್ಲಿಂದಲೇ ಹಿಂದಿರುಗುತ್ತಾರೆ. ಬಸ್ಸಿನಲ್ಲಿ ಪಕ್ಕದ ಸೀಟಿನವರು ಯಾವೂರು, ಏನು ಕೆಲಸ, ಸಂಬಳವೆಷ್ಟು, ಮಕ್ಕಳೆಷ್ಟು ಎಂಬ ಕ್ರಮದಲ್ಲಿ ಕೇಳುತ್ತಿದ್ದ ಪ್ರಶ್ನಮಾಲಿಕೆಯನ್ನು ಕಿವಿಗೆ ತುರುಕಿದ ಇಯರ್‌ಫೋನು ನುಂಗಿಹಾಕಿದೆ. ಹಾಗಿದ್ದರೆ ಜಗಲಿಗಳಿದ್ದ ಊರುಗಳಲ್ಲೆಲ್ಲ ಪಂಡಿತರೇ ತುಂಬಿರಬೇಕಿತ್ತಲ್ಲವೆ ಎಂದು ಯಾರಾದರೂ ಕೊನೆಯ ಕೊಕ್ಕೆ ಹಾಕಬಹುದು. ತುಂಬಿದ್ದರು, ಈಗಲೂ ಇದ್ದಾರೆ. ಯಾವುದೇ ಊರಿನ ಅರಳಿಕಟ್ಟೆಯ ಮೇಲೆ ಅರ್ಧ ಗಂಟೆ ಕೂತು ನೋಡಿ. ರಿಸರ್ವ್ ಬ್ಯಾಂಕು ಬಡ್ಡಿ ಎಷ್ಟು ಇಳಿಸಬೇಕು, ಭಾರತ ತಂಡದಲ್ಲಿ ಯಾರನ್ನು ಕೂರಿಸಬೇಕು, ಮುಂದಿನ ಮುಖ್ಯಮಂತ್ರಿ ಯಾರಾಗಬೇಕು ಎಂಬುದನ್ನೆಲ್ಲ ಅಲ್ಲಿ ಇತ್ಯರ್ಥ ಮಾಡಿ ಎದ್ದಿರುತ್ತಾರೆ. ಜಾರಿಗೆ ಬರುತ್ತಿಲ್ಲವೆಂಬುದು ಆಡಳಿತದ ದೋಷ, ಸಿದ್ಧಾಂತದ್ದಲ್ಲ.

ಸಾಧನೆಯ ಮಾತು ಚಿಕ್ಕದು. ಬಾದಾಮಿ ತಿನ್ನುವವರು ತಿನ್ನಲಿ, ಅದರಿಂದ ಹೊಟ್ಟೆ ತುಂಬುತ್ತದೆ. ಆದರೆ ದಿನಕ್ಕೊಮ್ಮೆಯಾದರೂ ಲೆಕ್ಕಪತ್ರ, ಪದಬಂಧ ಅಥವಾ ಪ್ರಬಂಧವನ್ನು ನಡುಮನೆಯಲ್ಲಿ, ಬಾಗಿಲು ತೆರೆದಿಟ್ಟು, ಧಾರಾವಾಹಿ ಓಡುತ್ತಿರುವಾಗ ಕೈಗೆತ್ತಿಕೊಳ್ಳಬೇಕು. ಬಂದವರಿಗೆ ‘ಹ್ಞೂ’ ಎನ್ನದೆ ಪೂರ್ತಿ ಉತ್ತರ ಕೊಡಬೇಕು, ಕೊಟ್ಟು ಬಿಟ್ಟ ಅಂಕಿಗೇ ಹಿಂದಿರುಗಬೇಕು. ಓದುಗರಲ್ಲೊಂದು ವಿನಂತಿ: ಈ ಪ್ರಬಂಧವನ್ನು ಇಲ್ಲಿಯವರೆಗೆ ಯಾರ ಅಡ್ಡಿಯೂ ಇಲ್ಲದೆ ಓದಿ ಮುಗಿಸಿದ್ದರೆ ಅದರಿಂದ ನಿಮಗೇನೂ ಪ್ರಯೋಜನವಾಗಿಲ್ಲ. ಚಪ್ಪಲಿ ಮೆಟ್ಟಿಕೊಂಡು ಪಕ್ಕದ ಮನೆಗೆ ಹೋಗಿ, ಅಲ್ಲಿ ಯಾರಾದರೂ ಮಗ್ನರಾಗಿ ಏನನ್ನಾದರೂ ಓದುತ್ತಿದ್ದರೆ ಎದುರಿಗೆ ಕೂತು, ನುಗ್ಗೆಕಾಯಿ ಈಗ ಕಟ್ಟಿಗೆ ಎಷ್ಟೆಂದು ವಿಚಾರಿಸಿ.