ಎಸ್ಟೀಮ್ ಮಾರಾಟಕ್ಕಿದೆ

ನನ್ನದು ಸ್ಪೋರ್ಟ್ಸ್ ಕಾರು ಎಂದರೆ ಮನೆಯಲ್ಲಿ ನಗುತ್ತಾರೆ. ನಗಲಿ. 1298 ಸಿಸಿ, 85 ಅಶ್ವಶಕ್ತಿಯ ಮಾರುತಿ ಎಸ್ಟೀಮ್ ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ ರ‍್ಯಾಲಿ ಓಡುತ್ತಿದ್ದುದನ್ನು ಕಂಡವರು ನಗುವುದಿಲ್ಲ. ನನ್ನ ಕೆಎ-18 ಗಾಡಿಯೂ ಆ ಮಣ್ಣಿನದೇ. ಹಳೆಯ ಯಜಮಾನರು ಹಿಂದಿನ ಸೀಟು ಕಿತ್ತು, ಸಸ್ಪೆನ್ಷನ್ ತಗ್ಗಿಸಿ, ಮುಂದೆ ಬಕೆಟ್ ಸೀಟು ಕೂರಿಸಿದ್ದರು. ಉಳಿದದ್ದನ್ನು ನಾನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಪೂರೈಸಿದೆ: ಫ್ರೀ ಫ್ಲೋ ಸೈಲೆನ್ಸರ್, ಪುಟಾಣಿ ಸ್ಟೀರಿಂಗು, ಡಿಕ್ಕಿಯ ಮೇಲೆ ಟವೆಲ್ ಒಣಹಾಕಲು ಅನುಕೂಲವಾದ ಸ್ಪಾಯ್ಲರು. ಆರ್‌ಸಿಯಲ್ಲಿ ಬಣ್ಣ ಬಿಳಿ, ನೋಡಿದರೆ ಹಳದಿ. ತುಕ್ಕಿನದು ಮೂರನೆಯ ಬಣ್ಣ.

ಮಾರುವ ಮಾತು ಎದ್ದದ್ದು ಎಫ್‌ಸಿಯಿಂದ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000ಕ್ಕೆ ಹೋಯಿತು. ದುಡ್ಡು ಹಾಳಾಗಲಿ, ಗಾಡಿಯನ್ನು ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಬೇಕಲ್ಲ! ಕಂಪನಿ ಕೊಟ್ಟ ಮೂಲರೂಪ ಕೆಡಿಸುವಂತಿಲ್ಲ ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಖಡಾಖಂಡಿತವಾಗಿ ಹೇಳಿತು. ನನ್ನ ಗಾಡಿಯಲ್ಲಿ ಬದಲಾಗದೆ ಉಳಿದದ್ದು ಚಾಸಿ ನಂಬರ್ ಒಂದೇ.

ಫೋನುಗಳು ಬಂದವು. "ಲಾಸ್ಟ್ ಎಷ್ಟು?" ನಮಸ್ಕಾರವಿಲ್ಲ, ಹೆಸರಿಲ್ಲ. ಮೊದಲ ಬೆಲೆಯನ್ನೇ ಕೇಳದೆ ಕೊನೆಯ ಬೆಲೆ ಕೇಳುವ ಈ ಜನ ಹೆಣ್ಣು ನೋಡಲು ಹೋದಾಗ ಏನು ಕೇಳುತ್ತಾರೋ! ಇನ್ನು ಕೆಲವರಿಗೆ ಮೈಲೇಜ್ ಬೇಕು. ಮೈಲೇಜ್ ಬೇಕಾದವರು ಸೈಕಲ್ ಕೊಳ್ಳಲಿ.

ಕೊನೆಗೊಬ್ಬ ಹಿರಿಯರು ಖುದ್ದಾಗಿ ಬಂದರು. ಸಜ್ಜನರು, ಗಾತ್ರವೂ ಗೌರವಸ್ಥರದ್ದೇ. "ಒಂದ್ಸಲ ಕೂತು ನೋಡ್ತೀನಿ" ಎಂದರು. ಅವರು ಕೂತರು ಎನ್ನುವುದಕ್ಕಿಂತ ಸೀಟೇ ಅವರನ್ನು ಒಳಕ್ಕೆ ಎಳೆದುಕೊಂಡಿತು. ನಾನು ಹುರುಪಿನಲ್ಲಿ ನಾಲ್ಕು ಪಟ್ಟಿಯ ರೇಸಿಂಗ್ ಬೆಲ್ಟನ್ನೂ ಬಿಗಿದೆ. ಟಕ್ ಎಂದಿತು. ಆ ಸದ್ದು ಅವರಿಗೆ ಬಹಳ ಹಿಡಿಸಿತು. ಬಿಚ್ಚಲು ಒತ್ತಿದರೆ ಕೆಂಪು ಗುಂಡಿ ಒಳಹೋಗಿ ಅಲ್ಲೇ ನೆಲೆಸಿತು. ಬಾಗಿಲಿನ ಒಳಹಿಡಿ ಎಂದೋ ಮುರಿದುಹೋಗಿತ್ತು.

"ಇದು ಬಿಚ್ಚೋದು ಹೇಗೆ ಸ್ವಾಮಿ?"

"ಸೇಫ್ಟಿ ಸಾರ್. ಅಷ್ಟು ಸುಲಭಕ್ಕೆ ಬಿಚ್ಚಲ್ಲ."

ಅವರೂ ಗಟ್ಟಿಗರು, ಕೂತಲ್ಲಿಂದಲೇ ಚೌಕಾಸಿ ಶುರುಮಾಡಿದರು. ತೊಂಬತ್ತು ಸಾವಿರ ಎಂದಿದ್ದ ನಾನು ಎಪ್ಪತ್ತಕ್ಕೆ ಇಳಿದೆ. ಅವರಿಗೆ ಮಾತ್ರ ಇಳಿಯಲಾಗಲಿಲ್ಲ. ನನ್ನ ಹೆಂಡತಿ ಕಿಟಕಿಯಲ್ಲಿ ಕಾಫಿ ಕೊಟ್ಟಳು. ಬೆನ್ನು ಸೀಟಿಗೆ ಅಂಟಿದ್ದರಿಂದ ಬಗ್ಗಲಾಗದೆ, ಲೋಟವನ್ನು ಗದ್ದದ ಮೇಲೆ ಆನಿಸಿಕೊಂಡು ಗುಟುಕರಿಸಿದರು.

"ಕಾಫಿ ಚೆನ್ನಾಗಿದೆಯಮ್ಮ. ಚಿಕ್ಕಮಗಳೂರಿನದಾ?"

"ಇಲ್ಲ, ಕಾರು ಮಾತ್ರ."

ಅಷ್ಟರಲ್ಲಿ ಅವರ ಮನೆಯಿಂದ ಫೋನು. "ಕಾರಲ್ಲಿದೀನಿ... ಇಲ್ಲ, ಹೊರಟಿಲ್ಲ... ಇಲ್ಲ, ತಗೊಂಡಿಲ್ಲ... ಅದೇ ತೊಗೊಂಡಿದೆ ನನ್ನ." ಬೀದಿಯ ಮಕ್ಕಳು ಸುತ್ತ ನೆರೆದವು. ಪಕ್ಕದ ಮನೆಯವರು ಕತ್ತರಿ ತಂದರು. ಬೆಲ್ಟಿನ ಬೆಲೆ ನೆನೆದು ನಾನು ಅಡ್ಡ ನಿಂತೆ. ಕೊಬ್ಬರಿ ಎಣ್ಣೆ ನಾಲ್ಕು ತೊಟ್ಟು, ಸ್ಕ್ರೂಡ್ರೈವರಿನ ಒಂದು ತಿವಿತ: ಟಕ್. ಹೊಟ್ಟೆಯ ಮೇಲೆ ಎಣ್ಣೆಯ ಕಲೆ ಹೊತ್ತು ಅವರು ಇಳಿದು, ಕೈಮುಗಿದು, ಆಟೊ ಹತ್ತಿದರು. ಬೆಲೆಯ ಮಾತು ಮತ್ತೆ ಬರಲಿಲ್ಲ.

ಆಮೇಲೆ ಬಂದವನೊಬ್ಬ ಹುಡುಗ, ಮೀಸೆ ಇನ್ನೂ ಚಿಗುರುತ್ತಿತ್ತು. ತುಕ್ಕು ನೋಡಲಿಲ್ಲ, ಚೌಕಾಸಿಯನ್ನೂ ಮಾಡಲಿಲ್ಲ. ಸ್ಟೀರಿಂಗ್ ಸವರುತ್ತಾ, "ನೈಸ್ ರೋಡಲ್ಲಿ ಎಷ್ಟು ಹೊಡೀಬಹುದು ಅಂಕಲ್? ನೂರೈವತ್ತು?" ಎಂದ. ಏರ್‌ಬ್ಯಾಗ್ ಇಲ್ಲದ ಗಾಡಿ, ಸವೆದ ಟೈರು. ಸೈಲೆನ್ಸರಿಗೆ ಸುರಿದ ದುಡ್ಡಿನಲ್ಲಿ ಕಾಲುಭಾಗವನ್ನೂ ನಾನು ಬ್ರೇಕಿಗೆ ಹಾಕಿರಲಿಲ್ಲ. "ಅಡ್ವಾನ್ಸ್ ಬಂದಾಗಿದೆ ಕಣಪ್ಪ" ಎಂದು ಸುಳ್ಳು ಹೇಳಿ ಕಳಿಸಿದೆ.

ಹಾಗಾಗಿ ಕಾರು ಇನ್ನೂ ಇದೆ. ಕಂಪನಿಯ ಸೈಲೆನ್ಸರು, ಸ್ಟೀರಿಂಗು ಅಟ್ಟದ ಮೇಲಿವೆ, ಜೊತೆಗೇ ಕೊಡುತ್ತೇನೆ. ಫಾರಂ 29, 30 ತಂದಿಟ್ಟಿದ್ದೇನೆ. ನಲವತ್ತು ದಾಟಿದವರು ಯಾರಾದರೂ ಬನ್ನಿ. ಎಪ್ಪತ್ತು ಸಾವಿರ. ಕೂತು ಮಾತಾಡೋಣ, ಜಗಲಿಯ ಮೇಲೆ.