ಡೌನ್‌ಲೋಡ್ ಭಾವ

ಬೇರೆಯವರ ಮನೆಯ ಕಂಪ್ಯೂಟರಿನಲ್ಲಿ ಫೈಲ್ ಇಳಿಸುವ ಸೆಟ್ಟಿಂಗನ್ನು, ಯಾರೂ ಕೇಳದಿದ್ದರೂ, ಸರಿಮಾಡಿಕೊಡುವ ನಂಟನಿಗೆ ಡೌನ್‌ಲೋಡ್ ಭಾವ ಎನ್ನಬಹುದು. ಭಾವನೇ ಆಗಿರಬೇಕೆಂದಿಲ್ಲ. ಷಡ್ಡಕ, ಸೋದರಮಾವ, ಮಹಡಿ ಮನೆಯ ರಿಟೈರ್ಡ್ ಮೇಷ್ಟ್ರು, ಹೀಗೆ ಯಾವ ರೂಪದಲ್ಲಾದರೂ ಬರುತ್ತಾರೆ. ಗುರುತು ಒಂದೇ: ಚಪ್ಪಲಿ ಬಿಡುವಾಗಲೇ ಇವರ ಕಣ್ಣು ಕಂಪ್ಯೂಟರಿನ ಮೇಲಿರುತ್ತದೆ.

ಇವರ ಕಾರ್ಯಕ್ಷೇತ್ರ ಬಹಳ ಚಿಕ್ಕದು. ಕ್ರೋಮ್ ಇರಲಿ, ಫೈರ್‌ಫಾಕ್ಸ್ ಇರಲಿ, ಇಳಿಸಿದ ಫೈಲು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಗೆ ಇರುವುದು ಎರಡೇ ದಾರಿ. ಬ್ರೌಸರ್ ಏನನ್ನೂ ಕೇಳದೆ ಡೌನ್‌ಲೋಡ್ಸ್ ಫೋಲ್ಡರಿಗೆ ಸುರಿಯುತ್ತದೆ. ಇಲ್ಲವೇ ಪ್ರತಿ ಸಲವೂ ಪುಟ್ಟ ಕಿಟಕಿ ತೆರೆದು 'ಎಲ್ಲಿ ಉಳಿಸಲಿ?' ಎಂದು ಕೇಳುತ್ತದೆ. ಸೆಟ್ಟಿಂಗ್ಸ್ ಒಳಗೆ ಒಂದು ಗುಂಡಿ ಒತ್ತಿದರೆ ಮೊದಲನೆಯದು ಎರಡನೆಯದಾಗುತ್ತದೆ, ಮತ್ತೊಮ್ಮೆ ಒತ್ತಿದರೆ ಎರಡನೆಯದು ಮೊದಲನೆಯದಾಗುತ್ತದೆ. ಡೌನ್‌ಲೋಡ್ ಭಾವ ಯುಗಾದಿಗೆ ಬಂದಾಗ ಒಮ್ಮೆ ಒತ್ತುತ್ತಾರೆ, ದೀಪಾವಳಿಗೆ ಬಂದಾಗ ಇನ್ನೊಮ್ಮೆ.

"ಯಾರಪ್ಪ ಇದನ್ನ ಹಿಂಗೆ ಮಾಡಿಟ್ಟಿದ್ದು?"

"ನೀವೇ ಭಾವ, ಹೋದ ಹಬ್ಬದಲ್ಲಿ."

"ಆಗ ಅದು ಸರಿ ಇತ್ತು."

ಎರಡು ದಾರಿಗೂ ಅದರದರ ಕಾಟವಿದೆ. ಕೇಳದೆ ಇಳಿಸಿದರೆ ಫೈಲು ಬಂದದ್ದೇ ಗೊತ್ತಾಗುವುದಿಲ್ಲ. ಮನೆಯವರು ಮತ್ತೆ ಮತ್ತೆ ಒತ್ತುತ್ತಾರೆ, ಬ್ರೌಸರ್ ಪಾಪ ಹೆಸರಿನ ಮುಂದೆ ಕಂಸದಲ್ಲಿ 1, 2, 3 ಎಂದು ಸಂಖ್ಯೆ ಹಾಕುತ್ತಾ ಹೋಗುತ್ತದೆ. ಒಂದೇ ತಿಂಗಳ ಕರೆಂಟ್ ಬಿಲ್ಲು ಏಳು ಪ್ರತಿ ಸೇರಿಕೊಂಡ ಮನೆಗಳಿವೆ. ಕಂಟ್ರೋಲ್ ಜೊತೆ ಜೆ ಒತ್ತಿದರೆ ಇಳಿಸಿದ್ದರ ಪಟ್ಟಿಯೇ ಎದುರಿಗೆ ಬರುತ್ತದೆ, ಆದರೆ ಅದನ್ನು ಹೇಳಿಕೊಡುವುದು ಭಾವನ ಪದ್ಧತಿಯಲ್ಲಿಲ್ಲ. ಇನ್ನು ಕೇಳುವಂತೆ ಮಾಡಿಟ್ಟರೆ ಅತ್ತೆಯಂಥವರಿಗೆ ಗಾಬರಿ. ಯಂತ್ರ ಪ್ರಶ್ನೆ ಕೇಳಿತೆಂದರೆ ತನ್ನಿಂದ ಏನೋ ತಪ್ಪಾಗಿದೆ ಎಂದೇ ಅವರ ಲೆಕ್ಕ. ಸೆರಗಿನಲ್ಲಿ ಕೈ ಒರೆಸಿಕೊಂಡು 'ಕ್ಯಾನ್ಸಲ್' ಒತ್ತಿ, ಯಾರಿಗೂ ಹೇಳದೆ ಅಡುಗೆಮನೆಗೆ ಹೋಗಿಬಿಡುತ್ತಾರೆ.

ಈ ಜಾತಿಯ ಪೂರ್ಣ ಪರಿಚಯಕ್ಕೆ ನೋಟ್‌ಪ್ಯಾಡ್ ಪ್ರಕರಣವೊಂದೇ ಸಾಕು. ಹಳೆಯ ಫೈರ್‌ಫಾಕ್ಸ್‌ನಲ್ಲಿ ಫೈಲು ಇಳಿಸುವಾಗ ಬರುತ್ತಿದ್ದ ಕಿಟಕಿಯಲ್ಲಿ 'ಇಂಥ ಫೈಲುಗಳಿಗೆ ಇನ್ನು ಮುಂದೆ ಹೀಗೇ ಮಾಡು' ಎಂಬ ಚೌಕವಿರುತ್ತಿತ್ತು. ಒಂದು ಮನೆಯಲ್ಲಿ ಯಾರೋ ಪಿಡಿಎಫ್‌ಗೆ ನೋಟ್‌ಪ್ಯಾಡನ್ನು ಆರಿಸಿ ಆ ಚೌಕಕ್ಕೆ ಟಿಕ್ ಹಾಕಿಬಿಟ್ಟರು. (ಯಾರೆಂದು ದಾಖಲೆಯಿಲ್ಲ. ಆ ಹೊತ್ತು ಮನೆಯಲ್ಲಿದ್ದವನು ಈ ಲೇಖಕನೊಬ್ಬನೇ ಎಂಬುದಷ್ಟೇ ದಾಖಲೆಯಲ್ಲಿದೆ.) ಅಲ್ಲಿಂದ ಮುಂದೆ ಆಧಾರ್ ಇಳಿಸಿದರೂ ಅಷ್ಟೇ, ರೈಲ್ವೆ ಟಿಕೆಟ್ ಇಳಿಸಿದರೂ ಅಷ್ಟೇ: ಮೊದಲು ಒಂದು ಪರ್ಸೆಂಟ್ ಗುರುತು, ಪಿಡಿಎಫ್ ಎಂಬ ಮೂರಕ್ಷರ, ಆಮೇಲೆ ಪುಟಗಟ್ಟಲೆ ಜೇಡರ ಬಲೆ.

ಭಾವ ಬಂದರು. ಕನ್ನಡಕ ಒರೆಸಿಕೊಂಡರು. "ಎರಡು ನಿಮಿಷದ ಕೆಲಸ" ಎಂದು ಬ್ರೌಸರನ್ನೇ ಕಿತ್ತುಹಾಕಿ ಹೊಸದಾಗಿ ಹಾಕಿದರು. ಮತ್ತದೇ ಜೇಡರ ಬಲೆ. ಎಲೆಯ ಮೇಲೆ ಹೋಳಿಗೆ ಆರುತ್ತಿತ್ತು. ಇನ್ನೊಮ್ಮೆ ಕಿತ್ತರು, ಹಾಕಿದರು. ತೊವ್ವೆ ಕೆನೆಗಟ್ಟಿತು. ಮೂರನೆಯ ಸಲಕ್ಕೆ ವೈರಸ್ ಎಂದು ತೀರ್ಪಾಯಿತು. ನಿಜಸಂಗತಿ ಏನೆಂದರೆ, ಫೈರ್‌ಫಾಕ್ಸನ್ನು ತೆಗೆದುಹಾಕಿದರೂ ಬಳಕೆದಾರನ ಪ್ರೊಫೈಲ್ ಫೋಲ್ಡರ್ ಸಾಮಾನ್ಯವಾಗಿ ಹಾಗೇ ಉಳಿಯುತ್ತದೆ, ಮತ್ತು ಯಾವ ಫೈಲನ್ನು ಯಾವುದರಲ್ಲಿ ತೆರೆಯಬೇಕೆಂಬ ನೆನಪು ಇರುವುದು ಅಲ್ಲಿಯ ಹ್ಯಾಂಡ್ಲರ್ಸ್ ಎಂಬ ಕಡತದಲ್ಲಿ. ಮನೆ ಕೆಡವಿ ಕಟ್ಟಿದರೂ ಬಾವಿಯ ನೀರು ಅದೇ. ಸೆಟ್ಟಿಂಗ್ಸ್‌ನ ಜನರಲ್ ಭಾಗದಲ್ಲಿ ಅಪ್ಲಿಕೇಶನ್ಸ್ ಪಟ್ಟಿಗೆ ಹೋಗಿ, ಪಿಡಿಎಫ್ ಎದುರು 'ಫೈರ್‌ಫಾಕ್ಸ್‌ನಲ್ಲೇ ತೆರೆ' ಎಂದು ಆರಿಸಿದ್ದರೆ ಮುಗಿಯುತ್ತಿತ್ತು. ಎಸ್ಸೆಸ್ಸೆಲ್ಸಿ ಓದುತ್ತಿದ್ದ ಹುಡುಗಿಯೊಬ್ಬಳು ಸಂಜೆ ಅದನ್ನೇ ಮಾಡಿದಳು. ಭಾವ ಹಿಂದೆ ನಿಂತು ನೋಡಿ, "ನಾನು ಅಷ್ಟು ಕಿತ್ತು ಹಾಕಿದ್ದಕ್ಕೇ ಈಗ ಸರಿಹೋಯ್ತು" ಎಂದರು.

ಉಳಿದ ಲಕ್ಷಣಗಳು ಸಾಮಾನ್ಯ. ಪಾಸ್‌ವರ್ಡನ್ನು ಕ್ಯಾಲೆಂಡರಿನ ಹಿಂದೆ ಬರೆಯುತ್ತಾರೆ. ಡೆಸ್ಕ್‌ಟಾಪಿನ ಮೇಲೆ 'ಹೊಸದು', 'ಹೊಸದು ಸರಿಯಾದದ್ದು' ಎಂಬ ಫೋಲ್ಡರುಗಳನ್ನು ಬಿಟ್ಟುಹೋಗುತ್ತಾರೆ. ಕಾಫಿ ಮಾತ್ರ ಎರಡು ಲೋಟ ಬೇಕು.

ಈಗ ಇವರ ಸಂಖ್ಯೆ ಕಡಿಮೆಯಾಗುತ್ತಿದೆ. 2022ರ ಮಾರ್ಚ್‌ನಲ್ಲಿ ಬಂದ ಫೈರ್‌ಫಾಕ್ಸ್ 98ನೇ ಆವೃತ್ತಿ ಆ ಹಳೆಯ ಕಿಟಕಿಯನ್ನು ಬದಿಗೆ ಸರಿಸಿ, ಫೈಲುಗಳನ್ನು ನೇರವಾಗಿ ಇಳಿಸತೊಡಗಿತು. ಬಿಲ್ಲು, ಟಿಕೆಟ್ಟುಗಳೆಲ್ಲ ಫೋನಿಗೇ ಬರುತ್ತವೆ. ಹಬ್ಬಕ್ಕೆ ಬಂದ ಭಾವ ಬಟ್ಟೆ ಮುಚ್ಚಿದ ಮಾನಿಟರನ್ನು ನೋಡುತ್ತಾರೆ, "ಎಲ್ಲಾ ಸರಿ ಇದೆಯಾ?" ಎನ್ನುತ್ತಾರೆ, ಸರಿ ಇದೆ ಎಂದರೆ ಸುಮ್ಮನೆ ಪೇಪರ್ ಹಿಡಿದು ಕೂರುತ್ತಾರೆ. ಎರಡನೆಯ ಲೋಟ ಕಾಫಿ ಕೇಳುವುದಿಲ್ಲ.

ಅವರು ಬರುವ ಹಿಂದಿನ ರಾತ್ರಿ ಸೆಟ್ಟಿಂಗನ್ನು ಬೇಕೆಂದೇ ಕೆಡಿಸಿಡುವ ಮನೆಯೊಂದಿದೆ. ಅದಕ್ಕೆ ಒಂದು ಕ್ಲಿಕ್ ಸಾಕು.