ಭರ್ತಿಯಾದ ಕುರ್ಚಿಗೆ ಸಂದರ್ಶನ ನಡೆಸುವವರಿಗೆ

ಅಮೆರಿಕದ ಕಂಪನಿಗಳ ನೇಮಕಾತಿ ಅಧಿಕಾರಿಗಳೇ,

2022ರ ಜನವರಿಯಲ್ಲಿ ಬ್ರಯಾನ್ ಫ್ಲೋರೆಸ್ ಎಂಬ ಕಪ್ಪು ವರ್ಣೀಯ ಕೋಚ್‌ಗೆ ಮೊಬೈಲಿನಲ್ಲಿ ಅಭಿನಂದನೆ ಬಂತು. ನ್ಯೂಯಾರ್ಕ್ ಜೈಂಟ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದ ಮುಖ್ಯ ಕೋಚ್ ಹುದ್ದೆ ಅವರಿಗೇ ಅಂತ. ಕಳಿಸಿದವರು ಹಳೆಯ ಗುರು ಬಿಲ್ ಬೆಲಿಚಿಕ್. ಸಂದರ್ಶನಕ್ಕೇ ಇನ್ನೂ ಮೂರು ದಿನವಿತ್ತು! ವಿಚಾರಿಸಿದರೆ, ಆ ಸಂದೇಶ ಬ್ರಯಾನ್ ಡಾಬೋಲ್ ಎಂಬ ಬಿಳಿಯ ಬ್ರಯಾನ್‌ಗೆ ಹೋಗಬೇಕಿತ್ತಂತೆ. ಆದರೂ ಫ್ಲೋರೆಸ್ ಸಂದರ್ಶನಕ್ಕೆ ಹೋದರು. ಹಿಂದಿನ ದಿನ ಜನರಲ್ ಮ್ಯಾನೇಜರ್ ಜೊತೆ ಊಟಕ್ಕೂ ಕೂತರು. ಹುದ್ದೆ ಡಾಬೋಲ್‌ಗೆ ಹೋಯಿತು. ಕೊನೆ ಗಳಿಗೆಯವರೆಗೂ ಫ್ಲೋರೆಸ್‌ರನ್ನು ಪರಿಗಣಿಸಿದ್ದೆವು ಎಂದಿತು ತಂಡ.

ಸೋದರಮಾವನ ಮಗಳ ಜೊತೆ ಮಾತುಕತೆ ಮುಗಿದಿದ್ದರೂ ಬೇರೆ ಕಡೆ ಹೆಣ್ಣು ನೋಡಲು ಹೋಗಿ, ಉಪ್ಪಿಟ್ಟು ತಿಂದು, 'ಆಮೇಲೆ ತಿಳಿಸ್ತೀವಿ' ಎಂದು ಎದ್ದು ಬರುವವರು ನಮ್ಮ ಕಡೆಯೂ ಇದ್ದಾರೆ. ಆದರೆ ಅವರು ಅದನ್ನು ಸಮಾನತೆ ಎಂದು ಕರೆದು ವಾರ್ಷಿಕ ವರದಿಯಲ್ಲಿ ಅಚ್ಚು ಹಾಕಿಸುವುದಿಲ್ಲ.

ಜೈಂಟ್ಸ್ ಆಡುವ ಫುಟ್‌ಬಾಲ್ ಲೀಗ್‌ನಲ್ಲಿ 2003ರಿಂದ ರೂನಿ ನಿಯಮವಿದೆ. ಮುಖ್ಯ ಕೋಚ್ ಹುದ್ದೆಗೆ ಅಲ್ಪಸಂಖ್ಯಾತ ಅಭ್ಯರ್ಥಿಗಳನ್ನೂ ಸಂದರ್ಶಿಸಬೇಕು. ಸಂದರ್ಶಿಸಬೇಕು, ಅಷ್ಟೆ. ಫ್ಲೋರೆಸ್ ಲೀಗ್ ಮೇಲೆ ತಾರತಮ್ಯದ ಮೊಕದ್ದಮೆ ಹೂಡಿದಾಗ 32 ತಂಡಗಳಲ್ಲಿ ಕಪ್ಪು ಮುಖ್ಯ ಕೋಚ್ ಇದ್ದದ್ದು ಒಬ್ಬರೇ. ಕಂಪನಿಗಳಿಗೂ ಇಂಥ ನಿಯಮ ಹಿಡಿಸಿತು. ಖರ್ಚು ಬರೀ ಉಪ್ಪಿಟ್ಟಿನದು, ಅದೂ ಹೆಣ್ಣಿನ ಮನೆಯವರದು.

ವೆಲ್ಸ್ ಫಾರ್ಗೋ ಬ್ಯಾಂಕಿನ ಮುಖ್ಯಸ್ಥರು 2020ರಲ್ಲಿ, ಕಪ್ಪು ಜನರಲ್ಲಿ ಅರ್ಹರೇ ಕಡಿಮೆ ಎಂಬರ್ಥದ ಮಾತು ಬರೆದು ಆಮೇಲೆ ಕ್ಷಮೆ ಕೇಳಿದರು. ಅದೇ ಬ್ಯಾಂಕಿನಲ್ಲಿ, 1 ಲಕ್ಷ ಡಾಲರ್ ಮೇಲ್ಪಟ್ಟ ಸಂಬಳದ ಬಹುತೇಕ ಹುದ್ದೆಗಳಿಗೆ ಸಂದರ್ಶನಕ್ಕೆ ಕರೆಯುವವರಲ್ಲಿ ಅರ್ಧದಷ್ಟು ಮಂದಿ ಮಹಿಳೆಯರು, ಕಪ್ಪು ಜನ ಮೊದಲಾದವರಿರಬೇಕು ಎಂಬ ನಿಯಮವೂ ಬಂತು. ಹುದ್ದೆ ಬೇರೆಯವರಿಗೆ ಕೊಟ್ಟಾದ ಮೇಲೂ ಇಂಥವರನ್ನು ಕರೆಸಿ ಮಾತಾಡಿಸುತ್ತಿದ್ದರು ಎಂದು ಅಲ್ಲಿನ ನೌಕರರೇ ಹೇಳಿದ್ದನ್ನು 2022ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಪ್ರಕಟಿಸಿತು.

ತಮಾಷೆ ಸಾಕು. ಸಂದರ್ಶನಕ್ಕೆ ಬರುವಾಕೆ ಹಿಂದಿನ ರಾತ್ರಿ ಬಟ್ಟೆ ಇಸ್ತ್ರಿ ಮಾಡಿಟ್ಟಿರುತ್ತಾಳೆ. ಈಗಿನ ಬಾಸ್‌ಗೆ ಏನೋ ಸುಳ್ಳು ಹೇಳಿ ಅರ್ಧ ದಿನ ರಜೆ ಹಾಕಿರುತ್ತಾಳೆ. ಐದು ವರ್ಷದ ಮೇಲೆ ಎಲ್ಲಿರುತ್ತೀರಿ ಎಂಬ ಆ ದರಿದ್ರ ಪ್ರಶ್ನೆಗೂ ಯೋಚಿಸಿ ಉತ್ತರ ಕೊಡುತ್ತಾಳೆ. ಆ ಕುರ್ಚಿಯ ಮೇಲೆ ಇನ್ನೊಬ್ಬನ ಕೋಟು ಆಗಲೇ ತೂಗುತ್ತಿದೆ ಎಂದು ಎದುರಿಗೆ ಕೂತವರಿಗೆ ಗೊತ್ತು. ಗೊತ್ತಿದ್ದೂ ತಲೆಯಾಡಿಸಿ ಬರೆದುಕೊಳ್ಳುತ್ತಾರೆ. ಇದು ಮೋಸ. ಇದಕ್ಕೆ ಬೇರೆ ಹೆಸರಿಲ್ಲ.

ಅರ್ಹರಿಲ್ಲವಂತೆ! ಉರ್ಸುಲಾ ಬರ್ನ್ಸ್ 1980ರಲ್ಲಿ ಜೆರಾಕ್ಸ್‌ಗೆ ಇಂಟರ್ನ್ ಆಗಿ ಸೇರಿ 2009ರಲ್ಲಿ ಸಿಇಒ ಆದರು. ಫಾರ್ಚೂನ್ 500 ಕಂಪನಿಯೊಂದರಲ್ಲಿ ಆ ಹುದ್ದೆಗೇರಿದ ಮೊದಲ ಕಪ್ಪು ಮಹಿಳೆ. ದೊಡ್ಡ ಕಂಪನಿಗಳ ಆ ಪಟ್ಟಿ ಶುರುವಾದದ್ದು 1955ರಲ್ಲಿ. ಮೊದಲ ಕಪ್ಪು ಸಿಇಒ ಎಂದು ಹೆಸರಾದ ಕ್ಲಿಫ್ಟನ್ ವಾರ್ಟನ್ ಬಂದದ್ದು 1987ರಲ್ಲಿ. ನಡುವೆ ಎಷ್ಟು ಜನ ಉಪ್ಪಿಟ್ಟು ಬಡಿಸಿ ಕಾದರೋ.

(ನಮ್ಮವರು ನಗುವ ಹಾಗಿಲ್ಲ. ಭಾರತೀಯರಿಗೆ ಅಮೆರಿಕದ ದಾರಿ ತೆರೆದ 1965ರ ವಲಸೆ ಕಾಯ್ದೆ ಬಂದದ್ದು ಕಪ್ಪು ಜನರ ಹಕ್ಕುಗಳ ಹೋರಾಟದ ಬಿಸಿಯಲ್ಲೇ. ಮಣಿಪಾಲದಲ್ಲಿ ಓದಿದ ಸತ್ಯ ನಾಡೆಲ್ಲ ಮೈಕ್ರೋಸಾಫ್ಟ್‌ನ ಸಿಇಒ ಆದರು. ಬಾಗಿಲು ತಳ್ಳಿದವರ ಮೊಮ್ಮಕ್ಕಳು ಇನ್ನೂ ವೇಯ್ಟಿಂಗ್ ರೂಮಿನಲ್ಲಿದ್ದಾರೆ.)

ಕಪ್ಪು ವರ್ಣೀಯ ಜಾರ್ಜ್ ಫ್ಲಾಯ್ಡ್ ಪೊಲೀಸರ ಕೈಯಲ್ಲಿ ಕೊಲೆಯಾದ 2020ರಲ್ಲಿ ಸಮಾನತೆಯ ಬಗ್ಗೆ ಕೊಟ್ಟ ಮಾತುಗಳನ್ನೂ ಈಗ ಮಡಚಿಡುತ್ತಿದ್ದೀರಿ. ವಾಲ್‌ಮಾರ್ಟ್ 2024ರ ನವೆಂಬರಿನಲ್ಲಿ ಹಿಂದೆ ಸರಿಯಿತು. ಫ್ಲಾಯ್ಡ್ ಸತ್ತ ಮಿನಿಯಾಪೊಲಿಸ್‌ನಲ್ಲೇ ಕೇಂದ್ರ ಕಚೇರಿಯಿರುವ ಟಾರ್ಗೆಟ್ 2025ರ ಜನವರಿಯಲ್ಲಿ. ಸುಳ್ಳು ಸಂದರ್ಶನದ ದೂರಿಗೂ ಪರಿಹಾರ ಸಿಕ್ಕಂತಾಯಿತು: ಕರೆಯದೇ ಇದ್ದರಾಯಿತು. ರವೆಯೂ ಉಳಿಯಿತು.

ಹಾಗಾದರೆ ಹಳೆಯ ಬಾಕಿ ಚುಕ್ತಾ ಮಾಡಿ. ತಾರತಮ್ಯದ ಮೊಕದ್ದಮೆಗಳನ್ನು ಮುಗಿಸಿಕೊಳ್ಳಲು ಟೆಕ್ಸಾಕೊ 1996ರಲ್ಲಿ 17.6 ಕೋಟಿ ಡಾಲರಿಗೆ, ಕೋಕಾ-ಕೋಲಾ 2000ದಲ್ಲಿ 19.25 ಕೋಟಿ ಡಾಲರಿಗೆ ಒಪ್ಪಿದ್ದವು. ಲೆಕ್ಕ ಹಾಕುವುದು ನಿಮಗೆ ಹೊಸದಲ್ಲ. ಬಂದುಹೋದವರ ಬಸ್ ಚಾರ್ಜು, ಇಸ್ತ್ರಿ ಖರ್ಚು, ಅರ್ಧ ದಿನದ ಸಂಬಳ, ಇವುಗಳ ಬಿಲ್ಲನ್ನು ಯಾವ ವಿಭಾಗಕ್ಕೆ ಕಳಿಸಬೇಕು ತಿಳಿಸಿ. 'ಆಮೇಲೆ ತಿಳಿಸ್ತೀವಿ' ಅನ್ನಬೇಡಿ.

ಇಂತಿ,
ಒಬ್ಬ ಓದುಗ